ಅಮೆರಿಕದ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟವರು ಯಾರು?

2001ರ ನವೆಂಬರ್ 17ರಂದು ಅಮೆರಿಕದ ಅಧ್ಯಕ್ಷರ ವಾರದ ರೇಡಿಯೋ ಭಾಷಣವನ್ನು ಅಧ್ಯಕ್ಷರ ಬದಲಿಗೆ ಅವರ ಪತ್ನಿ ಲಾರಾ ಬುಷ್ ಮಾಡಿದರು. ಅಫ್ಘಾನಿಸ್ತಾನದ ಮೇಲೆ ಬಾಂಬ್ ಸುರಿಯಲು ಆರಂಭಿಸಿ ಆಗ ಆರು ವಾರವೂ ತುಂಬಿರಲಿಲ್ಲ. ಭಯೋತ್ಪಾದನೆಯ ವಿರುದ್ಧದ ಹೋರಾಟವು ಮಹಿಳೆಯರ ಹಕ್ಕು ಮತ್ತು ಘನತೆಯ ಹೋರಾಟವೂ ಹೌದೆಂದು ಅವರು ಜಗತ್ತಿಗೆ ಸಾರಿದರು. ಇಪ್ಪತ್ತು ವರ್ಷಗಳ ಬಳಿಕ, 2021ರ ಆಗಸ್ಟ್‌ನಲ್ಲಿ, ಅದೇ ಅಮೆರಿಕ ಕಾಬೂಲಿನಿಂದ ಗಂಟುಮೂಟೆ ಕಟ್ಟಿತು. ಮರಳಿ ಬಂದ ತಾಲಿಬಾನ್ ಆರನೆಯ ತರಗತಿಯ ಮೇಲಿನ ಶಾಲೆಗಳ ಬಾಗಿಲನ್ನು ಹುಡುಗಿಯರಿಗೆ ಮುಚ್ಚಿತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲನ್ನೂ ಮುಚ್ಚಿತು.

ತಾಲಿಬಾನಿನ ಈ ಕ್ರಮ ಅನ್ಯಾಯ. ಅದನ್ನು ಅನ್ಯಾಯವೆನ್ನಲು ನಮಗೆ ಅಮೆರಿಕದ ಸರ್ಟಿಫಿಕೇಟ್ ಬೇಕಾಗಿಲ್ಲ, ಅದಕ್ಕೆ ಧರ್ಮದ ಹೆಸರಿನ ಸಮಜಾಯಿಷಿಯೂ ಒಪ್ಪತಕ್ಕದ್ದಲ್ಲ. ಆದರೆ ಇದರ ಜೊತೆಗೇ ಇನ್ನೊಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಜಗತ್ತಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ವಿಮಾನವಾಹಕ ನೌಕೆಗಳೊಂದಿಗೆ ಹೊರಟ ಈ ರಾಷ್ಟ್ರದಲ್ಲಿ ಅಲ್ಲಿನ ಹೆಣ್ಣುಮಕ್ಕಳು ಅಕ್ಷರ ಕಲಿತದ್ದು ಹೇಗೆ? ಕೊಟ್ಟವರು ಯಾರು? ಏನನ್ನು ಬಯಸಿ ಕೊಟ್ಟರು? ಎಷ್ಟು ಕೊಟ್ಟರು, ಯಾರಿಗೆ ಕೊಡಲಿಲ್ಲ?

ಈ ಪ್ರಶ್ನೆಗಳಿಗೆ ಪೇಟೆಯಲ್ಲಿ ಸಿದ್ಧ ಉತ್ತರಗಳಿವೆ. ಸ್ವಾತಂತ್ರ್ಯ ಬಂತು, ಆದ್ದರಿಂದ ಶಿಕ್ಷಣ ಬಂತು ಎಂಬುದು ಮೊದಲನೆಯದು. ಧರ್ಮದ ಹಿಡಿತ ಸಡಿಲವಾಯಿತು, ಆದ್ದರಿಂದ ಹೆಣ್ಣು ಕಲಿತಳು ಎಂಬುದು ಎರಡನೆಯದು. ತಾಯಿ ಕಲಿತರೆ ಮಕ್ಕಳು ಒಳ್ಳೆಯ ಪ್ರಜೆಗಳಾಗುತ್ತಾರೆಂದು ಹಿರಿಯರು ಮನಗಂಡು ಕಲಿಸಿದರು ಎಂಬುದು ಮೂರನೆಯದು. ಅಮೆರಿಕದ ಇತಿಹಾಸಕಾರರೇ ಕಳೆದ ಐವತ್ತು ವರ್ಷಗಳಲ್ಲಿ ಹಳೆಯ ಉಯಿಲು, ಕಾನೂನು, ಶಾಲಾ ದಾಖಲೆ ಮತ್ತು ದಿನಚರಿಗಳನ್ನು ಕೆದಕಿ ಈ ವಿಷಯದ ಮೇಲೆ ಬರೆದಿದ್ದಾರೆ, ಪರಸ್ಪರ ಜಗಳವನ್ನೂ ಆಡಿದ್ದಾರೆ. ಅದನ್ನು ಓದಿದವರಿಗೆ ಮೊದಲ ಎರಡು ಉತ್ತರಗಳು ನಿಲ್ಲುವುದಿಲ್ಲ, ಮೂರನೆಯದು ಅರ್ಧ ಮಾತ್ರ ನಿಲ್ಲುತ್ತದೆ. ಆ ಅರ್ಧದ ಬಗ್ಗೆಯೇ ನಮ್ಮ ಮುಖ್ಯ ತಕರಾರು, ಏಕೆಂದರೆ ಅದು ನಮ್ಮ ಮನೆಗಳಲ್ಲೂ ದಿನನಿತ್ಯ ಕೇಳಿಬರುವ ಮಾತು.

ಓದು ಬಂತು, ಬರಹ ಬರಲಿಲ್ಲ

ಅಮೆರಿಕವು ಸ್ವತಂತ್ರವಾದದ್ದು 1776ರಲ್ಲಿ. ಅದಕ್ಕೆ 134 ವರ್ಷ ಮೊದಲೇ, 1642ರಲ್ಲಿ, ಮ್ಯಾಸಚೂಸೆಟ್ಸ್ ವಸಾಹತು ಒಂದು ಕಾನೂನು ಮಾಡಿತ್ತು. ತಂದೆತಾಯಿಗಳು ಮತ್ತು ಯಜಮಾನರು ತಮ್ಮ ಮನೆಯ ಮಕ್ಕಳಿಗೂ ಕೆಲಸ ಕಲಿಯಲು ಬಂದ ಮಕ್ಕಳಿಗೂ ಓದಲು ಕಲಿಸಬೇಕು, ಅವರು ಧರ್ಮದ ಮೂಲತತ್ವಗಳನ್ನೂ ನೆಲದ ಕಾನೂನನ್ನೂ ತಿಳಿದಿರಬೇಕು ಎಂಬುದು ಅದರ ಸಾರ. 1647ರಲ್ಲಿ ಇನ್ನೊಂದು ಕಾನೂನು ಬಂತು. 50 ಮನೆಗಳಿರುವ ಊರು ಓದು ಬರಹ ಕಲಿಸುವ ಶಿಕ್ಷಕನನ್ನು ನೇಮಿಸಬೇಕು, 100 ಮನೆಗಳಿದ್ದರೆ ವಿಶ್ವವಿದ್ಯಾಲಯಕ್ಕೆ ಹುಡುಗರನ್ನು ಸಿದ್ಧಪಡಿಸುವ ಶಾಲೆಯನ್ನು ತೆರೆಯಬೇಕು. ಸೈತಾನನು ಜನರನ್ನು ಧರ್ಮಗ್ರಂಥದ ಜ್ಞಾನದಿಂದ ದೂರವಿಡಲು ಹವಣಿಸುತ್ತಾನೆ ಎಂಬ ಪೀಠಿಕೆಯೊಂದಿಗೆ ಆ ಕಾನೂನು ಆರಂಭವಾಗುತ್ತದೆ. ಧರ್ಮದ ಹಿಡಿತ ಸಡಿಲವಾದಾಗ ಹೆಣ್ಣು ಕಲಿತಳು ಎನ್ನುವವರು ಇದಕ್ಕೇನು ಹೇಳುತ್ತಾರೆ? ನ್ಯೂ ಇಂಗ್ಲೆಂಡಿನ ಹುಡುಗಿಯ ಕೈಗೆ ಮೊದಲ ಪುಸ್ತಕ ಕೊಟ್ಟದ್ದು ಪ್ಯೂರಿಟನ್ ಧರ್ಮಶ್ರದ್ಧೆ. ಬೈಬಲನ್ನು ಪ್ರತಿಯೊಬ್ಬರೂ ತಾವೇ ಓದಬೇಕೆಂಬ ನಂಬಿಕೆಯಲ್ಲಿ ಹೆಣ್ಣಿನ ಆತ್ಮವನ್ನು ಲೆಕ್ಕದಿಂದ ಕೈಬಿಡಲು ಸಾಧ್ಯವಿರಲಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿ ಧರ್ಮಕ್ಕೆ ಜಯಕಾರ ಹಾಕುವವರು ಮುಂದಿನ ಸಂಗತಿಯನ್ನೂ ಕೇಳಬೇಕು. ಹುಡುಗಿಗೆ ಕೊಟ್ಟದ್ದು ಓದು, ಬರಹವಲ್ಲ. ನೆರೆಮನೆಯ ಹೆಂಗಸೊಬ್ಬಳು ತನ್ನ ಅಡುಗೆಮನೆಯಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಜೋಡಿಸಿ ಓದಿಸುತ್ತಿದ್ದಳು, ಹುಡುಗಿಯರ ಶಾಲೆ ಅಷ್ಟಕ್ಕೇ ಮುಗಿಯುತ್ತಿತ್ತು. ಬರವಣಿಗೆ ಕಲಿಸುವವನು ಗಂಡಸು. ಅದನ್ನು ಕಲಿಯುವವನು ನಾಳೆ ವ್ಯಾಪಾರಿಯೋ ಗುಮಾಸ್ತನೋ ಪಾದ್ರಿಯೋ ಆಗುವ ಹುಡುಗ. ಊರಿನ ಹಣದಿಂದ ನಡೆಯುವ ಶಾಲೆಗಳಲ್ಲಿ ಬಹುಕಾಲ ಹುಡುಗಿಯರಿಗೆ ಜಾಗವಿರಲಿಲ್ಲ. ಬಡ ಮಕ್ಕಳನ್ನು ಕೆಲಸ ಕಲಿಯಲು ಒಪ್ಪಿಸುವಾಗ ಹುಡುಗನಿಗೆ ಓದು ಬರಹ, ಹುಡುಗಿಗೆ ಓದು ಮಾತ್ರ ಎಂದು 18ನೆಯ ಶತಮಾನದ ಆರಂಭದ ಮ್ಯಾಸಚೂಸೆಟ್ಸ್ ಕಾನೂನೇ ಹೇಳುತ್ತಿತ್ತು. 1771ರಲ್ಲಿ ಅದನ್ನು ತಿದ್ದಿ ಹುಡುಗಿಗೂ ಬರಹ ಸೇರಿಸಿದರು. ಆ ವೇಳೆಗೆ ಹುಡುಗನಿಗೆ ಲೆಕ್ಕವೂ ಸೇರಿತ್ತು. ಅಂದರೆ ಹುಡುಗಿ ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಹುಡುಗನಿಗಾಗಿ ಮೇಲೆ ಇನ್ನೊಂದು ಮೆಟ್ಟಿಲು ಕಟ್ಟಲಾಗಿತ್ತು.

ಈ ವ್ಯತ್ಯಾಸವನ್ನು ಎತ್ತಿ ತೋರಿಸಿದವರು ಜೆನಿಫರ್ ಮೊನಾಘನ್ ಎಂಬ ಇತಿಹಾಸಕಾರ್ತಿ. ಅದಕ್ಕೆ ಮೊದಲು, 1974ರಲ್ಲಿ, ಕೆನೆತ್ ಲಾಕ್‌ರಿಜ್ ಎಂಬವರು ಹಳೆಯ ಉಯಿಲುಗಳ ಮೇಲಿನ ಸಹಿಗಳನ್ನು ಎಣಿಸಿ ಒಂದು ಲೆಕ್ಕ ಕೊಟ್ಟಿದ್ದರು. 17ನೆಯ ಶತಮಾನದ ನಡುವಿನಲ್ಲಿ ನ್ಯೂ ಇಂಗ್ಲೆಂಡಿನ ಗಂಡಸರಲ್ಲಿ ಸುಮಾರು ಶೇಕಡಾ 60 ಮಂದಿ ಸಹಿ ಮಾಡುತ್ತಿದ್ದರು, 18ನೆಯ ಶತಮಾನದ ಕೊನೆಗೆ ಸುಮಾರು ಶೇಕಡಾ 90. ಹೆಂಗಸರಲ್ಲಿ ಅದು ಮೂರನೆಯ ಒಂದು ಭಾಗದಷ್ಟಿದ್ದುದು ಅರ್ಧದ ಹತ್ತಿರ ಬಂದು ನಿಂತಿತ್ತು. ಉಳಿದವರೆಲ್ಲ ಸಹಿಯ ಜಾಗದಲ್ಲಿ ಒಂದು ಗುರುತು ಹಾಕಿದವರು. ಗುರುತು ಹಾಕಿದವಳು ಅನಕ್ಷರಸ್ಥೆಯೇ? ಅಲ್ಲ ಎಂಬುದು ಮೊನಾಘನ್ ಅವರ ವಾದ. ಅವಳು ಬೈಬಲನ್ನು ನಿರರ್ಗಳವಾಗಿ ಓದಬಲ್ಲವಳಾಗಿರಬಹುದು, ತನ್ನ ಹೆಸರನ್ನು ಬರೆಯಲು ಮಾತ್ರ ಅವಳಿಗೆ ಯಾರೂ ಕಲಿಸಿರಲಿಲ್ಲ.

ಯಾಕೆ ಕಲಿಸಿರಲಿಲ್ಲ? ಓದುವವನು ಇನ್ನೊಬ್ಬರ ಮಾತನ್ನು ಸ್ವೀಕರಿಸುತ್ತಾನೆ, ಬರೆಯುವವನು ತನ್ನ ಮಾತನ್ನು ಲೋಕದ ಮುಂದಿಡುತ್ತಾನೆ. ಆ ಕಾಲದ ದೊಡ್ಡವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮ್ಯಾಸಚೂಸೆಟ್ಸ್‌ನ ಗವರ್ನರ್ ಜಾನ್ ವಿನ್‌ಥ್ರಾಪ್ 1645ರಲ್ಲಿ ತನ್ನ ದಿನಚರಿಯಲ್ಲಿ ಕನೆಕ್ಟಿಕಟ್‌ನ ಗವರ್ನರ್ ಹಾಪ್ಕಿನ್ಸ್ ಅವರ ಪತ್ನಿಗೆ ಬುದ್ಧಿಭ್ರಮಣೆಯಾದ ವಿಷಯವನ್ನು ಬರೆದಿದ್ದಾನೆ. ಕಾರಣವನ್ನೂ ಕೊಟ್ಟಿದ್ದಾನೆ: ಆಕೆ ಅತಿಯಾಗಿ ಓದುತ್ತಿದ್ದಳು, ಬರೆಯುತ್ತಿದ್ದಳು. ಮನೆಗೆಲಸ ನೋಡಿಕೊಂಡು, ಗಂಡಸರಿಗೆ ಮೀಸಲಾದ ವಿಷಯಗಳಿಗೆ ತಲೆ ಹಾಕದೆ ಇದ್ದಿದ್ದರೆ ಬುದ್ಧಿ ನೆಟ್ಟಗಿರುತ್ತಿತ್ತು ಎಂಬುದು ಗವರ್ನರರ ತೀರ್ಪು. ಮಕ್ಕಳಿಗೆಲ್ಲ ಓದು ಕಲಿಸಬೇಕೆಂದು ಕಾನೂನು ಮಾಡಿದ ಆಡಳಿತ ಮಂಡಳಿಯ ನಾಯಕರಲ್ಲೊಬ್ಬ ಈ ಮಹಾಶಯ. ಹೆಣ್ಣುಮಗಳಿಗೆ ಗ್ರಂಥ ಓದಲು ಬಂದರೆ ಸಾಕು, ಕಾಗದ ಬರೆಯಲು ಕಲಿತರೆ ಕೆಡುತ್ತಾಳೆ ಎಂಬ ಮಾತನ್ನು ನಮ್ಮ ಅಜ್ಜಿಯರ ಕಾಲದಲ್ಲಿ ಕೇಳಿದವರಿಗೆ ಈ ದಿನಚರಿ ಅಪರಿಚಿತವೆನಿಸದು.

ತಾಯ್ತನದ ಪರವಾನಗಿ

ಇನ್ನು ಕ್ರಾಂತಿಯ ಕಾಲಕ್ಕೆ ಬರೋಣ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಡಾಕ್ಟರ್ ಬೆಂಜಮಿನ್ ರಷ್ 1787ರ ಜುಲೈ 28ರಂದು ಫಿಲಡೆಲ್ಫಿಯಾದ ಹೊಸ ಬಾಲಿಕಾ ಅಕಾಡೆಮಿಯಲ್ಲಿ ಒಂದು ಉಪನ್ಯಾಸ ನೀಡಿದರು. ಹುಡುಗಿಯರಿಗೆ ಇಂಗ್ಲಿಷ್ ವ್ಯಾಕರಣ, ಅಂದವಾದ ಕೈಬರಹ, ಲೆಕ್ಕಪತ್ರ, ಭೂಗೋಳ, ಇತಿಹಾಸ, ಖಗೋಳ ಶಾಸ್ತ್ರದ ಪರಿಚಯ ಎಲ್ಲವೂ ಬೇಕು ಎಂದರು. ಅಂದಿನ ಮಟ್ಟಿಗೆ ಅದು ದಿಟ್ಟ ಮಾತು. ಆದರೆ ಯಾಕೆ ಬೇಕು? ನಮ್ಮ ದೇಶದಲ್ಲಿ ಗಂಡಸರು ದುಡಿಮೆಯಲ್ಲಿ ಮುಳುಗಿರುತ್ತಾರೆ, ಅವರ ಆಸ್ತಿಪಾಸ್ತಿಯನ್ನು ಹೆಂಡತಿ ನೋಡಿಕೊಳ್ಳಬೇಕು. ಮಕ್ಕಳ ಪಾಲನೆ ತಾಯಿಯ ಮೇಲೆ ಬೀಳುತ್ತದೆ, ಗಂಡುಮಕ್ಕಳನ್ನು ಸ್ವಾತಂತ್ರ್ಯದ ತತ್ವಗಳಲ್ಲಿ ಬೆಳೆಸಲು ಅವಳಿಗೆ ತಿಳಿವಳಿಕೆ ಬೇಕು. ರಷ್ ಅವರ ಕಾರಣಗಳ ಪಟ್ಟಿಯಲ್ಲಿ ಗಂಡನಿದ್ದಾನೆ, ಮಗನಿದ್ದಾನೆ, ರಾಷ್ಟ್ರವಿದೆ.

1976ರಲ್ಲಿ ಲಿಂಡಾ ಕರ್ಬರ್ ಎಂಬ ಇತಿಹಾಸಕಾರ್ತಿ ಈ ವಿಚಾರಧಾರೆಗೆ ‘ಗಣರಾಜ್ಯದ ತಾಯ್ತನ’ ಎಂಬ ಹೆಸರು ಕೊಟ್ಟರು. ಮತದಾನವಿಲ್ಲ, ವಿವಾಹಿತೆಗೆ ತನ್ನದೇ ಆಸ್ತಿಯಿಲ್ಲ, ಆದರೆ ನಾಳಿನ ಪ್ರಜೆಗಳನ್ನು ಹೆತ್ತು ಬೆಳೆಸುವ ಮೂಲಕ ಹೆಣ್ಣಿಗೂ ಗಣರಾಜ್ಯದಲ್ಲಿ ಒಂದು ಸ್ಥಾನವುಂಟು, ಆ ಸ್ಥಾನಕ್ಕೆ ಶಿಕ್ಷಣ ಬೇಕು ಎಂಬುದು ಇದರ ತಿರುಳು. ಕರ್ಬರ್ ಅವರ ವಿವರಣೆ ಎಷ್ಟು ಜನಪ್ರಿಯವಾಯಿತೆಂದರೆ ಮುಂದಿನ ಮೂರು ದಶಕ ಪಠ್ಯಪುಸ್ತಕಗಳಲ್ಲೂ ಉಪನ್ಯಾಸಗಳಲ್ಲೂ ಇದೇ ಮಾತು. ಅಮೆರಿಕದಲ್ಲಿ ಮಹಿಳಾ ಶಿಕ್ಷಣ ಯಾಕೆ ಬೆಳೆಯಿತು? ಗಣರಾಜ್ಯಕ್ಕೆ ಕಲಿತ ತಾಯಂದಿರು ಬೇಕಾಗಿದ್ದರು. ಪ್ರಶ್ನೆ ಮುಗಿಯಿತು, ಪುಟ ತಿರುವಿ!

ಕರ್ಬರ್ ಮಾತ್ರ ಅಷ್ಟು ಸರಳವಾಗಿ ಹೇಳಿರಲಿಲ್ಲ. ಈ ತಾಯ್ತನದ ವಾದ ಹೆಣ್ಣಿಗೆ ಒಂದು ಬಾಗಿಲು ತೆರೆದು, ಅದೇ ಕೈಯಿಂದ ರಾಜಕೀಯದ ಬಾಗಿಲನ್ನು ಮುಚ್ಚಿತೆಂದು ಅವರು ಗುರುತಿಸಿದ್ದರು. ಅವರ ಮಾತಿನ ಮುಂದಿನರ್ಧವನ್ನು ಬಿಟ್ಟು ಮೊದಲರ್ಧವನ್ನು ಮಂತ್ರ ಮಾಡಿಕೊಂಡವರು ನಂತರದವರು. ಆ ಮಂತ್ರಕ್ಕೆ ನಮ್ಮ ಆಕ್ಷೇಪಗಳು ಮೂರು.

ಒಂದನೆಯದು ಕಾಲದ ಲೆಕ್ಕ. ಕ್ರಾಂತಿಯಿಂದಾಗಿ ಹೆಣ್ಣು ಕಲಿತಳು ಎಂದಾದರೆ ಏರಿಕೆ ಕ್ರಾಂತಿಯ ನಂತರ ಆರಂಭವಾಗಬೇಕಿತ್ತು. 1991ರಲ್ಲಿ ಗ್ಲೋರಿಯಾ ಮೇಯ್ನ್ ಅವರು ವಸಾಹತು ಕಾಲದ ಹೆಂಗಸರು ಬರೆಯಲು ಕಲಿತದ್ದು ಯಾವಾಗ, ಯಾಕೆ ಎಂದು ದಾಖಲೆಗಳನ್ನು ಹುಡುಕಿದಾಗ ಸಹಿ ಮಾಡುವವರ ಸಂಖ್ಯೆ ಕ್ರಾಂತಿಗೆ ಮುಂಚೆಯೇ ಏರತೊಡಗಿದ್ದು ಕಂಡುಬಂತು. ಅದೇ ವರ್ಷ ಜೋಯೆಲ್ ಪರ್ಲ್‌ಮನ್ ಮತ್ತು ಡೆನಿಸ್ ಶರ್ಲಿ ಎಂಬ ವಿದ್ವಾಂಸರೂ ಲಾಕ್‌ರಿಜ್ ಅವರ ಎಣಿಕೆ ಹೆಂಗಸರ ಅಕ್ಷರಜ್ಞಾನವನ್ನು ನಿಜಕ್ಕಿಂತ ಕಡಿಮೆ ತೋರಿಸಿದೆ ಎಂದು ವಾದಿಸಿದರು. ಉಯಿಲು ಬರೆಸುವವರು ಸಾಮಾನ್ಯವಾಗಿ ಮುದುಕಿಯರು, ವಿಧವೆಯರು. ಐವತ್ತು ವರ್ಷ ಹಿಂದೆ ಶಾಲೆಗೆ ಹೋದವರ ಕೈ ನೋಡಿ ಇಂದಿನ ಹುಡುಗಿಯರ ಪಾಠವನ್ನು ಅಳೆಯುವುದು ಹೇಗೆ? ಪೇಟೆ ಬೆಳೆದಿತ್ತು, ಅಂಗಡಿಯ ಸಾಲದ ಪುಸ್ತಕ ಮನೆಯೊಳಗೆ ಬಂದಿತ್ತು, ದೂರದ ಊರಿಗೆ ಹೋದ ಮಕ್ಕಳಿಗೆ ಕಾಗದ ಬರೆಯಬೇಕಿತ್ತು. ತತ್ವಜ್ಞಾನಿಗಳು ಕಾರಣ ಹುಡುಕುವ ಮೊದಲೇ ತಾಯಂದಿರು ಹೆಣ್ಣುಮಕ್ಕಳ ಕೈಗೆ ಲೇಖನಿ ಕೊಡಲು ಆರಂಭಿಸಿದ್ದರು.

ಎರಡನೆಯದು, ಕೊಡುವವರ ಕಾರಣವನ್ನೇ ಪಡೆಯುವವರ ಕಾರಣವೆಂದು ತಿಳಿಯುವ ತಪ್ಪು. ರಷ್ ಅವರ ಉಪನ್ಯಾಸ ನಡೆದ ಅದೇ ಅಕಾಡೆಮಿಯಲ್ಲಿ 1793ರಲ್ಲಿ ಪ್ರಿಸಿಲ್ಲಾ ಮೇಸನ್ ಎಂಬ ವಿದ್ಯಾರ್ಥಿನಿ ವೇದಿಕೆ ಹತ್ತಿದಳು. ಚರ್ಚಿನ, ನ್ಯಾಯಾಲಯದ, ಶಾಸನಸಭೆಯ ಬಾಗಿಲುಗಳು ನಮಗೆ ಮುಚ್ಚಿವೆ, ಮುಚ್ಚಿದವನು ದಬ್ಬಾಳಿಕೆಯ ಗಂಡಸು ಎಂದು ಸಭೆಯೆದುರು ಹೇಳಿದಳು. ಹಿರಿಯರು ಒಳ್ಳೆಯ ತಾಯಿಯನ್ನು ತಯಾರಿಸಲು ಶಾಲೆ ತೆರೆದರು, ಅಲ್ಲಿಂದ ಹೊರಬಂದದ್ದು ಒಬ್ಬ ವಾಗ್ಮಿ! 1790ರಲ್ಲಿ ಜೂಡಿತ್ ಸಾರ್ಜೆಂಟ್ ಮರ್ರೆ ಸ್ತ್ರೀಪುರುಷರ ಸಮಾನತೆಯ ಬಗ್ಗೆ ಬರೆದ ಪ್ರಬಂಧ ಪ್ರಕಟವಾಗಿತ್ತು. ಹೆಣ್ಣಿನ ಬುದ್ಧಿ ಹುಟ್ಟಿನಿಂದ ಕಡಿಮೆಯಲ್ಲ, ಕಲಿಸದೆ ಕಡಿಮೆ ಮಾಡಲಾಗಿದೆ ಎಂಬುದು ಅವರ ವಾದ. ಮಾರ್ಗರೆಟ್ ನ್ಯಾಶ್ 2005ರಲ್ಲಿ, ಮೇರಿ ಕೆಲ್ಲಿ 2006ರಲ್ಲಿ ಪ್ರಕಟಿಸಿದ ಗ್ರಂಥಗಳು ಈ ದಿಕ್ಕಿನಲ್ಲಿ ನಮ್ಮ ಕಣ್ಣು ತೆರೆಸುತ್ತವೆ. ಬಾಲಿಕಾ ಅಕಾಡೆಮಿಗಳ ಪಾಠಪಟ್ಟಿಗೂ ಹುಡುಗರ ಅಕಾಡೆಮಿಗಳ ಪಾಠಪಟ್ಟಿಗೂ ಹೋಲಿಕೆ ಹೆಚ್ಚು, ಅಂತರ ಕಡಿಮೆ ಎಂದು ನ್ಯಾಶ್ ತೋರಿಸುತ್ತಾರೆ. ಜನ ಕಲಿಕೆಯನ್ನು ಬಯಸಲು ತಾಯ್ತನದಾಚೆಗೂ ಕಾರಣಗಳಿದ್ದವು: ದೈವಭಕ್ತಿ, ಸ್ವಂತ ಉನ್ನತಿ, ಸಮಾಜದಲ್ಲಿ ಸ್ಥಾನಮಾನ, ಕಲಿಕೆಯ ಆನಂದ. ಈ ಶಾಲೆಗಳಲ್ಲಿ ಓದಿದವರು ಮುಂದೆ ಶಿಕ್ಷಕಿಯರಾಗಿ, ಲೇಖಕಿಯರಾಗಿ, ಸಂಘಟಕಿಯರಾಗಿ ಸಾರ್ವಜನಿಕ ಬದುಕಿಗೆ ಬಂದದ್ದನ್ನು ಕೆಲ್ಲಿ ವಿವರಿಸುತ್ತಾರೆ.

ಮೂರನೆಯ ಆಕ್ಷೇಪ ಹಣದ್ದು. ಯಾವ ಆದರ್ಶವೂ ಶಾಲೆಯ ಬಾಡಿಗೆ ಕಟ್ಟುವುದಿಲ್ಲ.

ಖರ್ಚು ಕೊಟ್ಟವರು ಯಾರು?

1792ರಲ್ಲಿ ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಎಂಬ ಪಟ್ಟಣದಲ್ಲಿ ಸಾರಾ ಪಿಯರ್ಸ್ ಎಂಬ ಮಹಿಳೆ ಒಂದು ಶಾಲೆ ಆರಂಭಿಸಿದರು. 1833ರವರೆಗೆ ನಡೆದ ಆ ಶಾಲೆಯಲ್ಲಿ ಕಲಿತವರ ಸಂಖ್ಯೆ ಸುಮಾರು 3,000. ಫೀಸು ಕೊಡಬಲ್ಲ ಮನೆಗಳ ಹುಡುಗಿಯರು ದೂರದೂರಿಂದ ಬಂದು ಪಟ್ಟಣದ ಮನೆಗಳಲ್ಲಿ ಊಟ ವಸತಿ ಮಾಡಿಕೊಂಡು ಕಲಿತರು. ಇಂಥ ಶಾಲೆಗಳು 1790ರಿಂದ 1830ರ ನಡುವೆ ನೂರಕ್ಕೂ ಹೆಚ್ಚು ಹುಟ್ಟಿಕೊಂಡವು. ಇವುಗಳ ಬಹುಪಾಲು ಖರ್ಚನ್ನು ಹೊತ್ತವರು ತಂದೆತಾಯಿಗಳು. 1819ರಲ್ಲಿ ಎಮ್ಮಾ ವಿಲ್ಲರ್ಡ್ ಎಂಬವರು ನ್ಯೂಯಾರ್ಕಿನ ಶಾಸನಸಭೆಯ ಮುಂದೆ ಮಹಿಳಾ ಶಿಕ್ಷಣದ ಒಂದು ಯೋಜನೆಯನ್ನು ಇಟ್ಟರು. ಸರಕಾರದ ಹಣದಿಂದ ಬಾಲಿಕಾ ವಿದ್ಯಾಲಯಗಳು ನಡೆಯಲಿ ಎಂಬುದು ಬೇಡಿಕೆ. ತಾಯಂದಿರು, ಗಣರಾಜ್ಯ, ನೀತಿ ಎಂಬ ಎಲ್ಲ ಪರಿಚಿತ ಮಾತುಗಳನ್ನೂ ಅವರು ಜಾಣ್ಮೆಯಿಂದ ಬಳಸಿದ್ದರು. ಶಾಸಕರು ತಲೆಯಾಡಿಸಿದರು, ಹಣ ಮಾತ್ರ ಕೊಡಲಿಲ್ಲ! ಕೊನೆಗೆ 1821ರಲ್ಲಿ ಟ್ರಾಯ್ ಎಂಬ ಊರಿನ ಜನ 4,000 ಡಾಲರ್ ಒಟ್ಟುಗೂಡಿಸಿ ಅವರ ವಿದ್ಯಾಲಯಕ್ಕೆ ಕಟ್ಟಡ ಒದಗಿಸಿದರು. ಗಣರಾಜ್ಯಕ್ಕೆ ಕಲಿತ ತಾಯಂದಿರು ಅಷ್ಟೊಂದು ಅಗತ್ಯವಿದ್ದರೆ ಗಣರಾಜ್ಯದ ಖಜಾನೆ ಯಾಕೆ ತೆರೆಯಲಿಲ್ಲ?

ಸರಕಾರದ ಖಜಾನೆ ತೆರೆದದ್ದು ಬೇರೊಂದು ಲೆಕ್ಕಾಚಾರದಿಂದ. 19ನೆಯ ಶತಮಾನದಲ್ಲಿ ಊರೂರಿಗೆ ಶಾಲೆ ಬೇಕಾಯಿತು, ಶಿಕ್ಷಕರು ಸಾಲದಾದರು. ಗಂಡಸರಿಗೆ ಪಶ್ಚಿಮದ ಹೊಸ ಭೂಮಿ, ವ್ಯಾಪಾರ, ಕಾರ್ಖಾನೆಗಳು ಹೆಚ್ಚು ಸಂಬಳದ ಆಸೆ ತೋರಿಸುತ್ತಿದ್ದವು. ಇತ್ತ ಗಿರಣಿಗಳು ಬಂದು ಮನೆಯ ರಾಟೆ ಮಗ್ಗಗಳು ಮೂಲೆ ಸೇರಿದಾಗ ಮನೆಯ ಹುಡುಗಿಯರ ಕೈ ಖಾಲಿಯಾಗಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1830ರ ದಶಕದ ಕೊನೆಯಲ್ಲಿ ಶಿಕ್ಷಕಿಯ ಸಂಬಳ ಶಿಕ್ಷಕನ ಸಂಬಳದ ಅರ್ಧಕ್ಕಿಂತಲೂ ಕಡಿಮೆ. ಒಬ್ಬ ಗಂಡಸಿನ ಸಂಬಳದಲ್ಲಿ ಇಬ್ಬರು ಹೆಂಗಸರು ಸಿಗುತ್ತಾರೆಂದರೆ ಯಾವ ಊರಿನ ಸಮಿತಿ ಬೇಡವೆನ್ನುತ್ತದೆ? ಹೆಣ್ಣು ಹುಟ್ಟಾ ಶಿಕ್ಷಕಿ, ಮಕ್ಕಳನ್ನು ಪ್ರೀತಿಯಿಂದ ತಿದ್ದುವ ಗುಣ ದೇವರೇ ಅವಳಿಗೆ ಕೊಟ್ಟದ್ದು ಎಂಬ ಹೊಗಳಿಕೆ ಈ ಅಗ್ಗದ ಸಂಬಳದ ಕಾಲದಲ್ಲೇ ಮೊಳಗಿತು. ಅಂತರ್ಯುದ್ಧಕ್ಕೆ ಮುಂಚಿನ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ ಬೆಳೆದ ಬಿಳಿಯ ಮಹಿಳೆಯರಲ್ಲಿ ಐವರಲ್ಲೊಬ್ಬರು ಬದುಕಿನ ಯಾವುದಾದರೊಂದು ಕಾಲದಲ್ಲಿ ಶಿಕ್ಷಕಿಯಾಗಿದ್ದರೆಂದು ರಿಚರ್ಡ್ ಬರ್ನಾರ್ಡ್ ಮತ್ತು ಮೇರಿಸ್ ವಿನೋವ್‌ಸ್ಕಿಸ್ 1977ರಲ್ಲಿ ಅಂದಾಜು ಮಾಡಿದ್ದಾರೆ. ಹೊಗಳಿಕೆಯ ಹಿಂದಿನ ಲೆಕ್ಕವನ್ನು ಅರಿತೂ ಆ ಹುಡುಗಿಯರು ಕೆಲಸಕ್ಕೆ ಹೋದರು. ಮೊದಲ ಬಾರಿಗೆ ಅವರ ಕೈಯಲ್ಲಿ ಸ್ವಂತ ಸಂಪಾದನೆ ಇತ್ತು, ಕಡಿಮೆಯಾದರೂ ಅದು ಅವರದೇ.

ಇಲ್ಲಿ ಧರ್ಮ ಮತ್ತೊಮ್ಮೆ ಕಥೆಯೊಳಗೆ ಬರುತ್ತದೆ. ಮೇರಿ ಲಯನ್ ಎಂಬ ಶಿಕ್ಷಕಿ 1837ರ ನವೆಂಬರ್‌ನಲ್ಲಿ ಮೌಂಟ್ ಹೋಲಿಯೋಕ್ ವಿದ್ಯಾಲಯವನ್ನು ತೆರೆದರು. ಆಕೆ ಪರಮ ದೈವಭಕ್ತೆ. ಹಳ್ಳಿ ಪಟ್ಟಣಗಳನ್ನು ಸುತ್ತಿ, ಹೆಂಗಸರ ಕೈಯಿಂದ ಚಿಲ್ಲರೆ ಹಣವನ್ನೂ ಸ್ವೀಕರಿಸಿ ನಿಧಿ ಕೂಡಿಸಿದರು. ಸಾಧಾರಣ ರೈತರ ಮಗಳೂ ಕಲಿಯುವಂತಾಗಬೇಕೆಂದು ಊಟ, ವಸತಿ, ಪಾಠ ಎಲ್ಲ ಸೇರಿ ವರ್ಷಕ್ಕೆ 60 ಡಾಲರ್ ಮಾತ್ರ ಇಟ್ಟರು, ಅಡುಗೆ ಕಸಬರಿಕೆ ಕೆಲಸವನ್ನು ವಿದ್ಯಾರ್ಥಿನಿಯರೇ ಹಂಚಿಕೊಂಡರು. ಕಲಿಕೆ ಇಲ್ಲಿ ಗಟ್ಟಿಯಾದದ್ದು, ರಸಾಯನ ಶಾಸ್ತ್ರವನ್ನು ಸ್ವತಃ ಮೇರಿ ಲಯನ್ ಕಲಿಸುತ್ತಿದ್ದರು. ಆ ಧಾರ್ಮಿಕ ಹುರುಪಿನ ಒಂದು ಎಳೆ ನಮ್ಮ ದೇಶದವರೆಗೂ ಬಂದಿದೆ. ಅಮೆರಿಕದ ಮಿಷನರಿ ಮಂಡಳಿ 1827ರಲ್ಲಿ ಸಿಂಥಿಯಾ ಫರಾರ್ ಎಂಬ ಅವಿವಾಹಿತ ಶಿಕ್ಷಕಿಯನ್ನು ಮುಂಬಯಿಗೆ ಕಳುಹಿಸಿತು. ಮುಂದೆ ಅಹ್ಮದ್‌ನಗರದಲ್ಲಿ ಆಕೆ ನಡೆಸಿದ ಬಾಲಿಕಾ ಶಾಲೆಗಳು ಜ್ಯೋತಿಬಾ ಫುಲೆಯವರ ಗಮನ ಸೆಳೆದವು. ಧರ್ಮ ಬಿಟ್ಟವರಷ್ಟೇ ಹೆಣ್ಣಿಗೆ ಕಲಿಸಿದರು ಎನ್ನುವ ನಮ್ಮ ಕೆಲವು ಪ್ರಗತಿಪರ ಮಿತ್ರರೂ, ಹೆಣ್ಣಿಗೆ ಕಲಿಸುವುದು ಧರ್ಮ ಬಿಟ್ಟವರ ಪಾಶ್ಚಾತ್ಯ ರೋಗ ಎನ್ನುವ ನಮ್ಮ ಕೆಲವು ಮೌಲವಿ ಮಿತ್ರರೂ ಮೇರಿ ಲಯನ್ ಎದುರು ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳಬೇಕು.

ಬೇಲಿಯ ಆಚೆಗೆ

ಯಾವುದೋ ಉಪಯೋಗಕ್ಕಾಗಿ ಕೊಟ್ಟ ಶಿಕ್ಷಣಕ್ಕೆ ಆ ಉಪಯೋಗವೇ ಬೇಲಿ. ಬಾಸ್ಟನ್ ನಗರವನ್ನು ನೋಡಿ. 1789ರಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳಿಗೆ ಹುಡುಗಿಯರಿಗೆ ಪ್ರವೇಶ ಸಿಕ್ಕಿತು, ಅದೂ ವರ್ಷದಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. 1826ರಲ್ಲಿ ಹುಡುಗಿಯರಿಗಾಗಿ ಒಂದು ಹೈಸ್ಕೂಲ್ ತೆರೆದರು. ಅರ್ಜಿ ಹಾಕಿದವರು ಇದ್ದ ಸೀಟುಗಳಿಗಿಂತ ಬಹಳ ಹೆಚ್ಚು. ಒಂದು ಶಾಲೆ ಇಷ್ಟು ಯಶಸ್ವಿಯಾದರೆ ಏನು ಮಾಡಬೇಕು? ಇನ್ನೊಂದು ತೆರೆಯಬೇಕು. ಮೇಯರ್ ಜೋಸಯ್ಯ ಕ್ವಿನ್ಸಿ ಅವರ ಆಡಳಿತ 1828ರಲ್ಲಿ ಇದ್ದದ್ದನ್ನೂ ಮುಚ್ಚಿತು, ಕಾರಣ ಖರ್ಚು. ಹುಡುಗರ ಹೈಸ್ಕೂಲ್ ಮಾತ್ರ ನಡೆಯುತ್ತಲೇ ಇತ್ತು. ಒಳ್ಳೆಯ ತಾಯಿಯಾಗಲು ಬೇಕಾದಷ್ಟು ಹುಡುಗಿಯರು ಆಗಲೇ ಕಲಿತಾಗಿತ್ತು, ಅದಕ್ಕಿಂತ ಹೆಚ್ಚು ಯಾಕೆ ಎಂಬುದೇ ಇದರ ಒಳಮಾತು.

ಇನ್ನು ಗಣರಾಜ್ಯದ ತಾಯಂದಿರ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಕಥೆ. 1832ರಲ್ಲಿ ಕನೆಕ್ಟಿಕಟ್‌ನ ಕ್ಯಾಂಟರ್‌ಬರಿ ಎಂಬ ಊರಿನಲ್ಲಿ ಪ್ರೂಡೆನ್ಸ್ ಕ್ರಾಂಡಲ್ ಎಂಬ ಬಿಳಿಯ ಶಿಕ್ಷಕಿ ಸಾರಾ ಹ್ಯಾರಿಸ್ ಎಂಬ ಕರಿಯ ಹುಡುಗಿಯನ್ನು ತನ್ನ ಶಾಲೆಗೆ ಸೇರಿಸಿಕೊಂಡರು. ಬಿಳಿಯ ತಂದೆತಾಯಿಗಳು ತಮ್ಮ ಮಕ್ಕಳನ್ನು ಬಿಡಿಸಿದರು. ಕ್ರಾಂಡಲ್ ಜಗ್ಗದೆ ಕರಿಯ ಹುಡುಗಿಯರಿಗಾಗಿಯೇ ಶಾಲೆ ನಡೆಸಿದರು. 1833ರ ಮೇ ತಿಂಗಳಲ್ಲಿ ಶಾಸನಸಭೆ ಕಾನೂನು ಮಾಡಿತು: ಹೊರ ರಾಜ್ಯದ ಕರಿಯರಿಗೆ ಊರಿನ ಒಪ್ಪಿಗೆಯಿಲ್ಲದೆ ಕಲಿಸುವುದು ಅಪರಾಧ! ಶಿಕ್ಷಕಿ ಒಂದು ರಾತ್ರಿ ಜೈಲಿನಲ್ಲಿ ಕಳೆದರು. 1834ರ ಸೆಪ್ಟೆಂಬರ್‌ನಲ್ಲಿ ಜನರ ಗುಂಪು ರಾತ್ರಿ ನುಗ್ಗಿ ಕಿಟಕಿ ಗಾಜುಗಳನ್ನು ಪುಡಿ ಮಾಡಿದ ನಂತರ ಶಾಲೆ ಮುಚ್ಚಿತು. ಇದು ನಡೆದದ್ದು ಗುಲಾಮಗಿರಿಯ ದಕ್ಷಿಣದಲ್ಲಲ್ಲ, ಸಾರಾ ಪಿಯರ್ಸ್ ಶಾಲೆಯಿದ್ದ ಅದೇ ಕನೆಕ್ಟಿಕಟ್ ರಾಜ್ಯದಲ್ಲಿ, ಆ ಶಾಲೆ ಮುಚ್ಚಿದ ಮರುವರ್ಷ.

ದಕ್ಷಿಣದಲ್ಲಿ ಪರಿಸ್ಥಿತಿ ಇನ್ನೂ ಭೀಕರ. ಸೌತ್ ಕ್ಯಾರೊಲಿನಾ 1740ರಲ್ಲೇ ಗುಲಾಮರಿಗೆ ಬರೆಯಲು ಕಲಿಸುವುದನ್ನು ನಿಷೇಧಿಸಿತ್ತು. ಓದನ್ನಲ್ಲ, ಬರಹವನ್ನು ಎಂಬುದನ್ನು ಓದುಗರು ಗಮನಿಸಬೇಕು. ಹೆಣ್ಣಿನ ವಿಷಯದಲ್ಲಿದ್ದ ಅದೇ ಭಯ ಇಲ್ಲಿ ಕಾನೂನಿನ ರೂಪ ತಳೆದಿತ್ತು. ನಾರ್ತ್ ಕ್ಯಾರೊಲಿನಾ 1830ರಲ್ಲಿ ಓದನ್ನೂ ಬರಹವನ್ನೂ ಸೇರಿಸಿ ನಿಷೇಧಿಸಿತು. ಮರುವರ್ಷ, 1831ರಲ್ಲಿ, ಅದೇ ರಾಜ್ಯದಲ್ಲಿ ಉಮರ್ ಇಬ್ನ್ ಸಈದ್ ಎಂಬ ಗುಲಾಮ ತನ್ನ ಆತ್ಮಕಥೆಯನ್ನು ಅರಬಿಯಲ್ಲಿ ಬರೆದು ಮುಗಿಸಿದರು. ಪಶ್ಚಿಮ ಆಫ್ರಿಕಾದಲ್ಲಿ ವರ್ಷಾನುಗಟ್ಟಲೆ ಶಿಕ್ಷಣ ಪಡೆದು ವಿದ್ವಾಂಸರಾಗಿದ್ದ ಅವರನ್ನು 1807ರಲ್ಲಿ ಹಡಗಿನಲ್ಲಿ ತಂದು ಮಾರಲಾಗಿತ್ತು. ಆ ಹಸ್ತಪ್ರತಿ ಇಂದು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿದೆ. ಅಕ್ಷರ ಬಲ್ಲವರನ್ನು ಕೊಂಡು ತಂದು, ಅವರ ಮಕ್ಕಳಿಗೆ ಅಕ್ಷರ ಕಲಿಸಿದರೆ ದಂಡ ಹಾಕಿದ ನೆಲ ಅದು. ಗುಲಾಮ ತಾಯಿಯೂ ತಾಯಿಯೇ ಅಲ್ಲವೇ? ಅವಳ ತಾಯ್ತನಕ್ಕೆ ಗಣರಾಜ್ಯದಲ್ಲಿ ಯಾಕೆ ಪಾಠಶಾಲೆ ಇರಲಿಲ್ಲ? ಉತ್ತರ ಸರಳ. ಅವಳು ಹೆರುವ ಮಗು ನಾಳಿನ ಪ್ರಜೆಯಲ್ಲ, ಯಜಮಾನನ ಆಸ್ತಿ. ಆ ಮಗುವಿಗೆ ಸ್ವಾತಂತ್ರ್ಯದ ತತ್ವ ತಿಳಿಯದಿರುವುದರಲ್ಲೇ ಯಜಮಾನನ ಲಾಭ.

ನಮ್ಮ ಮನೆಯ ಮಾತು

ಹಾಗಾದರೆ ಅಮೆರಿಕದ ಹೆಣ್ಣುಮಕ್ಕಳಿಗೆ ಅಕ್ಷರ ಕೊಟ್ಟವರು ಯಾರು? ಧರ್ಮ ಓದನ್ನು ಕೊಟ್ಟಿತು, ಬರಹದ ಮುಂದೆ ಹಿಂಜರಿಯಿತು. ವ್ಯಾಪಾರ ಮತ್ತು ಪಟ್ಟಣದ ಬದುಕು ಬರಹದ ಅಗತ್ಯವನ್ನು ತಂದವು. ಕ್ರಾಂತಿ ಒಂದು ವಾದವನ್ನು ಒದಗಿಸಿತು, ಹಣವನ್ನು ಒದಗಿಸಲಿಲ್ಲ. ಅಗ್ಗದ ಶಿಕ್ಷಕಿಯ ಬೇಡಿಕೆ ಕೆಲಸವನ್ನು ಕೊಟ್ಟಿತು. ಇವೆಲ್ಲದರ ನಡುವೆ ಸಿಕ್ಕಿದ ಪ್ರತಿಯೊಂದು ಸಂದಿಯನ್ನೂ ಹಿಡಿದು ಬಾಗಿಲಾಗಿ ಅಗಲಿಸಿದವರು ಸ್ವತಃ ಆ ಹೆಂಗಸರು. ಪಿಯರ್ಸ್, ವಿಲ್ಲರ್ಡ್, ಲಯನ್, ಕ್ರಾಂಡಲ್, ಹೆಸರು ಉಳಿಯದ ಸಾವಿರಾರು ಶಾಲೆಯ ಟೀಚರುಗಳು. ಅವರ ಬೆವರಿನ ಫಲವನ್ನು ‘ಅಮೆರಿಕದ ಮೌಲ್ಯ’ ಎಂಬ ಚೀಟಿ ಅಂಟಿಸಿ ಬಾಂಬರ್ ವಿಮಾನಗಳಲ್ಲಿ ರಫ್ತು ಮಾಡಲು ಯಾರಿಗೂ ಹಕ್ಕಿಲ್ಲ.

ಈ ಚರಿತ್ರೆಯನ್ನು ಅಮೆರಿಕವನ್ನು ಹೀಯಾಳಿಸಲು ಮಾತ್ರ ಬಳಸಿದರೆ ನಮಗೆ ಲಾಭವಿಲ್ಲ. 1400 ವರ್ಷಗಳ ಹಿಂದೆಯೇ ನಾವು ಹೆಣ್ಣಿಗೆ ಎಲ್ಲವನ್ನೂ ಕೊಟ್ಟಿದ್ದೇವೆ ಎಂದು ವೇದಿಕೆಯಲ್ಲಿ ಘೋಷಿಸಿ, ಮನೆಗೆ ಬಂದು ಮಗಳ ಕಾಲೇಜು ಬಿಡಿಸುವವರ ಸಂಖ್ಯೆ ನಮ್ಮಲ್ಲಿ ಕಡಿಮೆಯಿಲ್ಲ. ಹೆಣ್ಣೊಬ್ಬಳು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತನ್ನು ನಾವೆಲ್ಲ ಭಕ್ತಿಯಿಂದ ಹೇಳುತ್ತೇವೆ. ಸುಂದರವಾದ ಮಾತು. ಆದರೆ ಬೆಂಜಮಿನ್ ರಷ್ 1787ರಲ್ಲಿ ಹೇಳಿದ್ದೂ ಇದನ್ನೇ. ಅದರ ಬೇಲಿ ಎಲ್ಲಿ ನಿಲ್ಲುತ್ತದೆಂಬುದನ್ನು ಬಾಸ್ಟನ್ ತೋರಿಸಿಕೊಟ್ಟಿದೆ. ಮದುವೆಯಾಗುವವರೆಗೆ ಓದಲಿ ಎನ್ನುವ ತಂದೆ, ಒಳ್ಳೆಯ ಸಂಬಂಧ ಬರಲು ಒಂದು ಡಿಗ್ರಿ ಇರಲಿ ಎನ್ನುವ ತಾಯಿ, ಮಕ್ಕಳಿಗೆ ಹೋಂವರ್ಕ್ ಮಾಡಿಸುವಷ್ಟು ಕಲಿತಿದ್ದರೆ ಸಾಕು ಎನ್ನುವ ಅತ್ತೆ ಮನೆ, ಇವರೆಲ್ಲರ ಮಾತಿನಲ್ಲಿ ಕಲಿಯುವವಳು ಒಬ್ಬಳು, ಲಾಭದ ಲೆಕ್ಕ ಇನ್ನೊಬ್ಬರದು. ಸಂಬಂಧ ಕುದುರಿದ ದಿನ ಆ ಲೆಕ್ಕ ಮುಗಿಯುತ್ತದೆ. ಪರೀಕ್ಷೆಗೆ ಎರಡು ತಿಂಗಳಿದ್ದರೂ ಪುಸ್ತಕ ಅಟ್ಟಕ್ಕೆ ಹೋಗುತ್ತದೆ.

ಮಗನನ್ನು ಕಾಲೇಜಿಗೆ ಸೇರಿಸುವಾಗ ನಾವು ಒಳ್ಳೆಯ ತಂದೆಯಾಗಲೆಂದು ಸೇರಿಸುತ್ತಿದ್ದೇವೆ ಎನ್ನುವುದಿಲ್ಲ. ಕಲಿತರೆ ಅವನಿಗೆ ಒಳ್ಳೆಯದು, ಅಷ್ಟೇ ಸಾಕು. ಮಗಳ ವಿಷಯದಲ್ಲಿ ಮಾತ್ರ ಕಾರಣ ಪತ್ರ ಯಾಕೆ? ವಿದ್ಯೆ ಕಡ್ಡಾಯವೆಂದು ನಮ್ಮ ದೀನ್ ಹೇಳುವಾಗ ಅದನ್ನು ಕಲಿಯುವವರ ಮೇಲೆಯೇ ಕಡ್ಡಾಯ ಮಾಡಿದೆ, ಅವರಿಗೆ ಹುಟ್ಟಲಿರುವ ಮಕ್ಕಳ ಹೆಸರಿನಲ್ಲಲ್ಲ. ಮೇ ತಿಂಗಳಲ್ಲಿ ಪಿಯುಸಿ ಮುಗಿಸಿದ ಹುಡುಗಿಯ ಮುಂದಿನ ಓದಿನ ಬಗ್ಗೆ ಮನೆಯವರು ಕೂತು ಮಾತಾಡುವಾಗ ಹೆಚ್ಚಾಗಿ ಅವಳು ಒಳಗೆ ಚಹಾ ಮಾಡುತ್ತಿರುತ್ತಾಳೆ. ಅವಳನ್ನು ಹೊರಗೆ ಕರೆದು ಕೂರಿಸಿ, ನೀನೇನು ಕಲಿಯಬೇಕೆಂದಿದ್ದೀ ಎಂದು ಮೊದಲು ಅವಳನ್ನೇ ಕೇಳಿ.